ಮೊದಲು ಪ್ಲೇಟ್ ಓದಿ, ಆಮೇಲೆ ನೆಟ್ ನೋಡಿ
(ರಿಪೇರಿ ಅಂಕಣ: ಓದುಗರ ಪ್ರಶ್ನೆಗಳಿಗೆ ಉತ್ತರ)

ಪ್ರಶ್ನೆ: ಫ್ರೀಜರ್ ರಿಪೇರಿ ಕೆಲಸಕ್ಕೆ ಇಳಿದು ಮೂರು ವರ್ಷ ಆಯಿತು ಸರ್. ಒಂದು ಡೀಪ್ ಫ್ರೀಜರಿನ ಕಂಪ್ರೆಸರ್ ಸುಟ್ಟಿದೆ. ಪ್ಲೇಟಿನ ಮೇಲೆ ಡ್ಯಾನ್‌ಫಾಸ್, ಎಸ್‌ಸಿ18ಸಿಎಲ್ ಎಂದಿದೆ. ನೆಟ್‌ನಲ್ಲಿ ಹುಡುಕಿದರೆ ಕೂಲಿಂಗ್ ಕೆಪಾಸಿಟಿ ಒಂದು ಕಡೆ ಒಂದು ವ್ಯಾಟ್, ಇನ್ನೊಂದು ಕಡೆ ಅದಕ್ಕಿಂತ ಎಷ್ಟೋ ಕಡಿಮೆ, ಮೂರನೆಯ ಕಡೆ ಬರೀ ಎಚ್‌ಪಿ. ಕಂಪನಿ ಹೆಸರೂ ಬೇರೆ ಬರುತ್ತಿದೆ. ಯಾವುದನ್ನು ನಂಬಿ ಆರ್ಡರ್ ಮಾಡಲಿ?

ಉತ್ತರ: ಮೊದಲು ಹೆಸರಿನ ಗೊಂದಲ ಮುಗಿಸೋಣ. ಡ್ಯಾನ್‌ಫಾಸ್ ತನ್ನ ಸಣ್ಣ ಕಂಪ್ರೆಸರ್‌ಗಳ ವ್ಯವಹಾರವನ್ನು 2010ರಲ್ಲಿ ಬಿಟ್ಟುಕೊಟ್ಟಿತು. ಅದೇ ಈಗಿನ ಸೆಕಾಪ್ ಕಂಪನಿ. ಇನ್ನೊಂದು ಕಂಪ್ರೆಸರ್ ಕಂಪನಿ ಎಂಬ್ರಾಕೊ ಕೂಡ 2019ರಲ್ಲಿ ವರ್ಲ್‌ಪೂಲ್‌ನಿಂದ ನಿಡೆಕ್ ಕೈಗೆ ಹೋಯಿತು. ಹಾಗಾಗಿ ಕಂಪನಿ ಹೆಸರು ಬಿಟ್ಟು, ಮಾಡೆಲ್ ನಂಬರನ್ನಷ್ಟೇ ಉದ್ಧರಣ ಚಿಹ್ನೆಯೊಳಗೆ ಹಾಕಿ, ಪಕ್ಕದಲ್ಲಿ ಪಿಡಿಎಫ್ ಎಂದು ಸೇರಿಸಿ ಹುಡುಕಿ. ಮಾರುವವರ ಪುಟಗಳು ಹಿಂದೆ ಸರಿದು, ತಯಾರಕರ ಡೇಟಾಶೀಟ್ (ತಾಂತ್ರಿಕ ವಿವರಗಳ ಹಾಳೆ) ಮುಂದೆ ಬರುತ್ತದೆ.

ಈ ನಂಬರೇ ಅರ್ಧ ಕಥೆ ಹೇಳುತ್ತದೆ. 18 ಎಂದರೆ ಕಂಪ್ರೆಸರ್ ಒಂದು ಸುತ್ತು ತಿರುಗಿದಾಗ ತಳ್ಳುವ ಗ್ಯಾಸ್ ಸುಮಾರು 18 ಸಿಸಿ. ಸಿಎಲ್ ಎಂದರೆ ಆರ್404ಎ ಗ್ಯಾಸಿನ, ಫ್ರೀಜರ್ ಮಟ್ಟದ ತಂಪಿನ ಯಂತ್ರ. ಅದೇ ಎಸ್‌ಸಿ15ಜಿ ಎಂದಿದ್ದರೆ 15 ಸಿಸಿ, ಆರ್134ಎ ಗ್ಯಾಸ್. ಎಚ್‌ಪಿ ಲೆಕ್ಕವನ್ನು ಮರೆತುಬಿಡಿ. ಒಬ್ಬರ ಅರ್ಧ ಎಚ್‌ಪಿ ಇನ್ನೊಬ್ಬರ ಮುಕ್ಕಾಲು ಎಚ್‌ಪಿ. ಅಂಗಡಿಯಲ್ಲಿ ಕೇಳಲು ಸುಲಭ ಅಂತ ಉಳಿದುಕೊಂಡಿರುವ ಮಾತು ಅದು, ಅಷ್ಟೆ.

ಇನ್ನು ವ್ಯಾಟ್. ನೀವು ನೋಡಿದ ಎರಡು ಅಂಕಿಯೂ ನಿಜವೇ ಇರಬಹುದು. ಅಮೆರಿಕದ ಆಶ್ರೇ ಎಂಬ ಅಳತೆಯಲ್ಲಿ ಫ್ರೀಜರ್ ಕಂಪ್ರೆಸರನ್ನು ಪರೀಕ್ಷಿಸುವಾಗ ಇವಾಪರೇಟರ್ (ಒಳಗೆ ತಂಪು ಮಾಡುವ ಕಾಯಿಲ್) ಮೈನಸ್ 23.3 ಡಿಗ್ರಿ, ಕಂಡೆನ್ಸರ್ (ಹೊರಗೆ ಬಿಸಿ ಬಿಡುವ ಕಾಯಿಲ್) 54.4 ಇರುತ್ತದೆ, ಲಿಕ್ವಿಡ್ ಲೈನ್ (ದ್ರವವಾದ ಗ್ಯಾಸ್ ಹರಿಯುವ ಕೊಳವೆ) 32.2ಕ್ಕೆ ತಣಿದಿರುತ್ತದೆ. ಯುರೋಪಿನ ಸೆಕೊಮಾಫ್ ಅಳತೆಯಲ್ಲಿ ಇವಾಪರೇಟರ್ ಮೈನಸ್ 25, ಕಂಡೆನ್ಸರ್ 55, ಲಿಕ್ವಿಡ್ ಕೂಡ 55 ಡಿಗ್ರಿಯ ಬಿಸಿಯಲ್ಲೇ ಇರುತ್ತದೆ. ಆರ್404ಎ ಗ್ಯಾಸಿನಲ್ಲಿ ಇದೊಂದರಿಂದಲೇ ಆಶ್ರೇ ಅಂಕಿ ಕಾಲು ಭಾಗಕ್ಕಿಂತ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಕಂಪ್ರೆಸರ್ ಮಾತ್ರ ಅದೇ. ಹಳೆಯದನ್ನೂ ಹೊಸದನ್ನೂ ಹೋಲಿಸುವಾಗ ಎರಡೂ ಒಂದೇ ಅಳತೆಯಲ್ಲಿವೆಯೇ, ಎರಡೂ 50 ಹರ್ಟ್ಸ್‌ನವೇ ಎಂದು ನೋಡಿ. 60 ಹರ್ಟ್ಸ್ ಅಂಕಿ ಸುಮಾರು ಆರನೇ ಒಂದು ಪಾಲು ಹೆಚ್ಚೇ ಇರುತ್ತದೆ. ಗಂಟೆಗೆ ಇಷ್ಟು ಬಿಟಿಯು (ಶಾಖದ ಇನ್ನೊಂದು ಅಳತೆ) ಎಂದು ಕೊಟ್ಟಿದ್ದರೆ 3.412ರಿಂದ ಭಾಗಿಸಿದರೆ ವ್ಯಾಟ್ ಸಿಕ್ಕಿತು.

ನಾನೂ ಇಲ್ಲಿ ಎಡವಿದವನೇ. ಒಬ್ಬ ಮಾರಾಟಗಾರನ ಪುಟದಲ್ಲಿ ದಪ್ಪಕ್ಷರದಲ್ಲಿದ್ದ ವ್ಯಾಟ್ ನೋಡಿ ಕಂಪ್ರೆಸರ್ ತರಿಸಿ ಕೂರಿಸಿದೆ. ಫ್ರೀಜರ್ ಮೈನಸ್ 12ಕ್ಕೆ ಬಂದು ಅಲ್ಲೇ ನಿಂತಿತು. ಗ್ಯಾಸ್ ತೆಗೆದೆ, ಹಾಕಿದೆ, ಕ್ಯಾಪಿಲರಿ ಬದಲಿಸಿದೆ, ಡ್ರೈಯರ್ ಬದಲಿಸಿದೆ. ಎರಡು ವಾರ ಆದಮೇಲೆ ಡೇಟಾಶೀಟ್ ತೆಗೆದು ನೋಡುತ್ತೇನೆ, ಆ ಅಂಕಿ ಇದ್ದದ್ದು ಮೈನಸ್ 10ರ ಕಾಲಮ್ಮಿನಲ್ಲಿ. ಮೈನಸ್ 25ರ ಕಾಲಮ್ಮಿಗೆ ಬಂದರೆ ಹೆಚ್ಚುಕಡಿಮೆ ಅರ್ಧ. ಕೋಷ್ಟಕದ ತಲೆಯ ಸಾಲು ಓದದೆ ಕೆಳಗಿನ ಅಂಕಿ ಓದುವ ಚಟ ಅವತ್ತು ಬಿಟ್ಟಿತು.

ಪ್ಲೇಟ್ ಮಾಸಿದ್ದರೆ ಒಣಬಟ್ಟೆಯಲ್ಲಿ ಒರೆಸಿ, ಉಬ್ಬಕ್ಷರದ ಮೇಲೆ ಸೀಮೆಸುಣ್ಣ ಉಜ್ಜಿ, ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೊ ತೆಗೆಯಿರಿ. ಬಿ ಅಕ್ಷರ 8ರಂತೆ, ಓ ಅಕ್ಷರ ಸೊನ್ನೆಯಂತೆ ಕಾಣುತ್ತದೆ, ಎರಡನ್ನೂ ಹಾಕಿ ಹುಡುಕಿ. ಫ್ರೀಜರಿನ ಬಾಡಿ ಮೇಲಿನ ಪ್ಲೇಟಿನದೂ ಒಂದು ಫೋಟೊ ಇರಲಿ. ಗ್ಯಾಸ್ ಎಷ್ಟು ಗ್ರಾಂ ಎಂಬುದು ಅಲ್ಲಿರುತ್ತದೆ, ಕಂಪ್ರೆಸರ್ ಡೇಟಾಶೀಟಿನಲ್ಲಿ ಸಿಗುವುದಿಲ್ಲ. ಇನ್ನೊಂದು: ‘ಬದಲಿ ಮಾಡೆಲ್’ ಎಂದು ಆರ್290ರ ಕಂಪ್ರೆಸರ್ ತೋರಿಸಿದರೆ ಮುಟ್ಟಬೇಡಿ. ಅದು ಪ್ರೊಪೇನ್, ಹೊತ್ತಿಕೊಳ್ಳುವ ಗ್ಯಾಸ್. ಅದಕ್ಕಾಗಿ ತಯಾರಾಗದ ಹಳೆಯ ಫ್ರೀಜರಿನ ರಿಲೇ, ಸ್ವಿಚ್ಚುಗಳ ಕಿಡಿ ಸಾಕು.

ಪ್ರಶ್ನೆ: ಸುಟ್ಟ ಫ್ಯಾನ್ ಮೋಟರಿನ ಮೇಲೆ 36 ವ್ಯಾಟ್ ಎಂದಿದೆ. ಕ್ಯಾಟಲಾಗಿನಲ್ಲಿ ಅದೇ ಮೋಟರ್ 10 ವ್ಯಾಟ್. ಯಾವುದು ಸರಿ?

ಉತ್ತರ: ಎರಡೂ ಸರಿ. 36 ಅದು ಎಳೆಯುವ ಕರೆಂಟಿನ ಲೆಕ್ಕ, 10 ಶಾಫ್ಟಿನಲ್ಲಿ ಸಿಗುವ ಕೆಲಸ. ಇಂಥ ಸಣ್ಣ ಫ್ಯಾನಿನ ಶೇಡೆಡ್ ಪೋಲ್ ಮೋಟರ್ ಎಂದರೆ ಹಾಗೆಯೇ, ತಿನ್ನುವುದು ಜಾಸ್ತಿ. ವ್ಯಾಪಾರದ ಹೆಸರು 10 ವ್ಯಾಟ್ ಎಂದೇ. ಅದನ್ನೇ ಕೇಳಿ. ಬ್ಲೇಡಿನ ಅಳತೆ, ಗಾಳಿ ಎಳೆಯುವುದೋ ತಳ್ಳುವುದೋ ಎಂಬುದನ್ನು ಬಿಚ್ಚುವ ಮೊದಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಡಿಜಿಟಲ್ ಕಂಟ್ರೋಲರಿನ ಸೆನ್ಸರ್ ಹೋಗಿತ್ತು. ನೋಡಲು ಅಂಥದ್ದೇ ಆದ ಹೊಸದನ್ನು ಹಾಕಿದರೆ ಎರರ್ ಬರುತ್ತಿದೆ. ಕಂಟ್ರೋಲರೂ ಹೋಗಿದೆಯೇ?

ಉತ್ತರ: ಕಂಟ್ರೋಲರ್ ಬಿಸಾಡುವ ಮೊದಲು ಮಲ್ಟಿಮೀಟರ್ ತೆಗೆಯಿರಿ. ಹೊರಗಿನಿಂದ ಒಂದೇ ಥರದ ಕಪ್ಪು ವೈರ್, ಸ್ಟೀಲ್ ತುದಿ. ಒಳಗೆ ಎರಡು ಜಾತಿ. ಎನ್‌ಟಿಸಿ ಸಾಮಾನ್ಯವಾಗಿ 25 ಡಿಗ್ರಿಯಲ್ಲಿ 10 ಸಾವಿರ ಓಮ್, ಪಿಟಿಸಿ 990 ಓಮ್. ತುದಿಯನ್ನು ಐಸ್ ನೀರಿನಲ್ಲಿ ಅದ್ದಿ. ಎನ್‌ಟಿಸಿ ಆದರೆ ಓಮ್ ಏರಿ 27 ಸಾವಿರದ ಹತ್ತಿರ ಬರುತ್ತದೆ, ಪಿಟಿಸಿ ಇಳಿದು 800ರ ಆಸುಪಾಸಿಗೆ ಬರುತ್ತದೆ. ಕಂಟ್ರೋಲರಿನ ಬದಿಯ ಸ್ಟಿಕ್ಕರಿನಲ್ಲಿರುವ ಪೂರ್ತಿ ಕೋಡ್ ಹಾಕಿ ಮ್ಯಾನ್ಯುಯಲ್ ಇಳಿಸಿಕೊಳ್ಳಿ, ಮುಂಭಾಗದ ಹೆಸರಷ್ಟೇ ಸಾಲದು. ಪ್ಯಾರಾಮೀಟರ್ ಪಟ್ಟಿಯಲ್ಲಿ ಸೆನ್ಸರ್ ಜಾತಿ ಆರಿಸುವ ಸಾಲು ಇದ್ದರೆ ಅಲ್ಲೇ ಬದಲಿಸಿ, ಕೆಲಸ ಆಯಿತು. ಇಲ್ಲದಿದ್ದರೆ ಸೆನ್ಸರ್ ವಾಪಸ್ ಕೊಟ್ಟು ಸರಿಯಾದ ಜಾತಿಯದನ್ನು ತನ್ನಿ.