ನಾಲ್ಕನೇ ಪುಟದ ಅಪ್ಪನನ್ನು ಮೊದಲ ಸಾಲಿಗೆ ತನ್ನಿ

ನಮಸ್ಕಾರ. ಮೂಡಿಗೆರೆಯಿಂದ ನೀವು ಕಳಿಸಿದ ‘ಕಣ್ಣಿನ ಉರಿಯೂತದಲ್ಲಿ ಕಿಣ್ವಗಳ ಪಾತ್ರ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ.

‘ಕಿಣ್ವಗಳು ಜೈವಿಕ ವೇಗವರ್ಧಕಗಳಾಗಿದ್ದು’ ಅಂತ ಶುರು ಮಾಡಿದ್ದೀರಿ. ಹಾಸನದಲ್ಲಿ ಪತ್ರಿಕೆ ಕೊಂಡು ಸಕಲೇಶಪುರದ ಬಸ್ಸು ಹತ್ತುವವರು ಅಲ್ಲೇ ಪುಟ ತಿರುವುತ್ತಾರೆ. ನಾನು ಸಂಬಳಕ್ಕೆ ಓದುವವನು, ಮುಂದೆ ಹೋದೆ. ನಾಲ್ಕನೇ ಪುಟದಲ್ಲಿ ನಿಮ್ಮ ಅಪ್ಪ ಸಿಕ್ಕರು. ಚಿಗುರು ತೆಗೆಯುವಾಗ ಕಾಫಿ ಗಿಡದ ರೆಕ್ಕೆ, ಅಂದರೆ ಅಡ್ಡ ಕೊಂಬೆ, ಕಣ್ಣಿಗೆ ಹೊಡೆದದ್ದು. ಮೂರು ದಿನ ಟವಲಿನ ತುದಿಗೆ ಬಿಸಿ ಉಸಿರು ಊದಿ ಊದಿ ಒತ್ತಿಕೊಂಡದ್ದು. ಆಮೇಲೆ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಡ್ರಾಪ್ಸ್. ಕೆಂಪು ಇಳಿಯಿತು, ಬಿಳಿ ಚುಕ್ಕೆ ದೊಡ್ಡದಾಯಿತು. ನಿಮ್ಮ ಲೇಖನ ಇರುವುದೇ ಇಲ್ಲಿ ಅಲ್ವಾ?

ಹೀಗೇಕಾಯಿತು ಅನ್ನುವುದನ್ನು ಬಿಡಿಸಿ ಬರೆಯಿರಿ. ಗಾಯವಾದಾಗ ಫಾಸ್ಫೋಲೈಪೇಸ್ ಎ2 ಎಂಬ ಕಿಣ್ವ ಜೀವಕೋಶದ ಪೊರೆಯಿಂದ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲವನ್ನು ಬಿಡಿಸಿ ಕೊಡುತ್ತದೆ. ಕಾಕ್ಸ್ ಎಂಬ ಇನ್ನೊಂದು ಕಿಣ್ವ ಅದನ್ನು ಉರಿಯೂತ ಎಬ್ಬಿಸುವ ಪ್ರೊಸ್ಟಾಗ್ಲಾಂಡಿನ್ ಆಗುವ ದಾರಿಗೆ ಹಚ್ಚುತ್ತದೆ. ರಕ್ತನಾಳ ಹಿಗ್ಗಿ ಕಣ್ಣು ಕೆಂಪಾಗುತ್ತದೆ, ನೋಯುತ್ತದೆ. ಸ್ಟೀರಾಯ್ಡೂ, ನೋವು-ಉರಿಯೂತ ಇಳಿಸುವ ಇನ್ನೊಂದು ಔಷಧ ಕೆಟೊರೊಲ್ಯಾಕೂ ಒಂದೇ ಎಂದಿದ್ದೀರಿ. ತಪ್ಪು. ಕೆಟೊರೊಲ್ಯಾಕ್ ಹಿಡಿಯುವುದು ಕಾಕ್ಸನ್ನು. ಸ್ಟೀರಾಯ್ಡ್ ಅದಕ್ಕೂ ಮೇಲೆ, ಫಾಸ್ಫೋಲೈಪೇಸ್ ಎಂಬ ತೂಬಿನಲ್ಲೇ ನೀರು ಕಟ್ಟುತ್ತದೆ. ಜೊತೆಗೆ ಬಿಳಿರಕ್ತಕಣಗಳ ಕೈಯನ್ನೂ ಕಟ್ಟುತ್ತದೆ. ಗಿಡ ತಗುಲಿದ ಗಾಯದಲ್ಲಿ ಶಿಲೀಂಧ್ರ ಸೇರಿದ್ದರೆ ಅದಕ್ಕೆ ಹಬ್ಬ. ಶಿಲೀಂಧ್ರದ ಕಿಣ್ವಗಳ ಜೊತೆ ನಮ್ಮದೇ ದೇಹದ ಎಂಎಂಪಿ ಎಂಬ ಕಿಣ್ವಗಳೂ ಸೇರಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ಕೊಲಾಜನ್ ಎಂಬ ಪ್ರೋಟೀನ್ ಕರಗಿಸುತ್ತವೆ. ಹೊರಗೆ ಕೆಂಪು ಇಳಿದದ್ದು ನೋಡಿ ವಾಸಿಯಾಯಿತು ಅಂದುಕೊಳ್ಳುತ್ತೇವೆ. ಇಷ್ಟು ದೊಡ್ಡ ವಿಷಯಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು. ನೊಬೆಲ್ ಪಡೆದವರ ಪಟ್ಟಿಗೆ ಮಾತ್ರ ಅರ್ಧ ಪುಟ! ಜಾನ್ ವೇನ್ ಒಬ್ಬರು ಸಾಕು. ಆಸ್ಪಿರಿನ್ ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನು ತಡೆಯುತ್ತದೆ ಎಂದು 1971ರಲ್ಲಿ ತೋರಿಸಿದವರು ಅವರು.

ಇನ್ನೊಂದು. ‘ದುಷ್ಟ ಕಿಣ್ವಗಳು’ ಅಂತ ಏಳು ಸಲ ಬರೆದಿದ್ದೀರಿ, ಎಣಿಸಿದೆ. ಕಣ್ಣೀರಿನ ಲೈಸೋಜೈಮ್ ಕೂಡ ಕಿಣ್ವವೇ. ಬ್ಯಾಕ್ಟೀರಿಯಾದ ಗೋಡೆ ಒಡೆದು ಕಣ್ಣು ಕಾಯುತ್ತದೆ. ಫ್ಲೆಮಿಂಗ್ ಅದನ್ನು 1922ರಲ್ಲೇ ವಿವರಿಸಿದ್ದರು, ಪೆನಿಸಿಲಿನ್‌ಗಿಂತ ಮೊದಲು. ಎಂಎಂಪಿಗಳಿಗೂ ಗಾಯ ಮಾಯಿಸುವ ಕೆಲಸವಿದೆ. ಜಾಸ್ತಿಯಾದಾಗ ಮಾತ್ರ ಕಷ್ಟ.

ಅವಸರವಿಲ್ಲ, ಕೊಯ್ಲು ಮುಗಿಸಿಕೊಂಡೇ ಬರೆದು ಕಳಿಸಿ. ಅಂದ ಹಾಗೆ, ಅಪ್ಪನಿಗೆ ಆ ಕಣ್ಣು ಈಗ ಎಷ್ಟು ಕಾಣುತ್ತದೆ? ನೀವು ಅದನ್ನೇ ಬರೆದಿಲ್ಲ.