ಸಂಪಾದಕರ ಉತ್ತರ: ತಾಯಿ ಇದ್ದಾಳೆ, ಕರೆಯುವಂತಿಲ್ಲ

‘ಮಾರ್ಮನ್ನರು ಪರಲೋಕದ ತಂದೆಯ ಜೊತೆಗೆ ತಾಯಿಯನ್ನೂ ನಂಬುತ್ತಾರಂತೆ. ನಮ್ಮ ದೇವಿ ಆರಾಧನೆಯಂತೆಯೇ ಆಯಿತಲ್ಲ. ಮತ್ತೆ ಅಲ್ಲಿನ ಸ್ತ್ರೀವಾದಿಗಳದ್ದು ಏನು ತಕರಾರು?’ ಎಂದು ಕೇಳಿದ್ದೀರಿ.

ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವೊಂದರ ಅನುಯಾಯಿಗಳಾದ ಈ ಮಾರ್ಮನ್ನರು ತಾಯಿಯನ್ನು ನಂಬುವುದು ನಿಜ, ಆದರೆ ಆರಾಧನೆ ಇಲ್ಲ. ನಮ್ಮಲ್ಲಿ ದೇವಿಗೆ ಹೆಸರಿದೆ, ಗುಡಿಯಿದೆ, ಜಾತ್ರೆಯಿದೆ. ಈ ತಾಯಿಗೆ ಒಂದೂ ಇಲ್ಲ. ಮಾರ್ಮನ್ ಪ್ರಾರ್ಥನೆ ತಂದೆಯನ್ನು ಕರೆದು ಶುರುವಾಗುತ್ತದೆ, ಯೇಸುವಿನ ಹೆಸರಿನಲ್ಲಿ ಮುಗಿಯುತ್ತದೆ. ತಕರಾರು ಇರುವುದೇ ಅಲ್ಲಿ.

ಅವಳು ಬಂದ ದಾರಿ ನೋಡಿ. 1845ರಲ್ಲಿ ಮಾರ್ಮನ್ ಕವಯಿತ್ರಿ ಎಲೈಜಾ ಆರ್. ಸ್ನೋ ಬರೆದ ಕವಿತೆಯೊಂದು ಇಂದಿಗೂ ಸಭೆಯ, ಅಂದರೆ ಮಾರ್ಮನ್ ಚರ್ಚಿನ, ಕೀರ್ತನೆ ಪುಸ್ತಕದಲ್ಲಿದೆ. ಅದರಲ್ಲಿ ದರ್ಶನದ ಮಾತಿಲ್ಲ, ತರ್ಕವಿದೆ: ಪರಲೋಕದಲ್ಲಿ ತಂದೆ ಒಂಟಿಯೇ? ಹಾಗೆಂದರೆ ಬುದ್ಧಿಯೇ ಬೆರಗಾಗುತ್ತದೆ. ತಾಯಿಯೊಬ್ಬಳು ಇದ್ದಾಳೆಂದು ಸತ್ಯವೇ ಹೇಳುತ್ತಿದೆ. 1909ರ ಅಧಿಕೃತ ಹೇಳಿಕೆಯೂ ತಾಯಿಯನ್ನು ಒಪ್ಪಿತು. ಕುಟುಂಬದ ಬಗ್ಗೆ ಸಭೆ 1995ರಲ್ಲಿ ಹೊರಡಿಸಿದ ಘೋಷಣೆಯಲ್ಲಿ ಅವಳು ‘ಪರಲೋಕದ ತಂದೆತಾಯಿ’ ಎಂಬ ಜೋಡಿಪದದೊಳಗೆ ಸೇರಿಕೊಂಡಳು.

ಅವಳನ್ನು ಪ್ರಾರ್ಥನೆಯಲ್ಲಿ ಕರೆಯಬಹುದೇ ಎಂಬ ಪ್ರಶ್ನೆಗೆ 1991ರಲ್ಲಿ ಸಭೆಯ ಹಿರಿಯ ನಾಯಕ ಗಾರ್ಡನ್ ಹಿಂಕ್ಲಿ ಉತ್ತರ ಕೊಟ್ಟರು: ಯೇಸು ಕಲಿಸಿದ್ದು ತಂದೆಗೆ ಪ್ರಾರ್ಥಿಸಲು, ಆದ್ದರಿಂದ ತಾಯಿಗೆ ಪ್ರಾರ್ಥಿಸುವುದು ಸಲ್ಲದು, ಅದರಿಂದ ಅವಳಿಗೇನೂ ಅವಮಾನವಿಲ್ಲ. ತಾಯಿದೇವರ ಬಗ್ಗೆ ಬರೆದ ಜಾನಿಸ್ ಆಲ್ರೆಡ್‌ಗೆ 1995ರಲ್ಲಿ ಬಹಿಷ್ಕಾರವಾಯಿತು. ಅವಳ ಬಗ್ಗೆ ಮಾತಾಡದಿರುವುದೇ ಗೌರವ ಎಂದು ಎಷ್ಟೋ ಭಕ್ತರು ನಂಬಿಕೊಂಡಿದ್ದರು. 2011ರಲ್ಲಿ ಪಾಲ್ಸನ್, ಪುಲಿಡೊ ಎಂಬ ಸಂಶೋಧಕರು ಹಳೆಯ ಭಾಷಣ, ಬರಹಗಳನ್ನೆಲ್ಲ ಜಾಲಾಡಿ, ಅಂಥ ನಿಯಮವನ್ನು ಸಭೆ ಮಾಡಿದ್ದೇ ಇಲ್ಲ ಎಂದು ತೋರಿಸಿದರು. 2015ರಲ್ಲಿ ಸಭೆಯೇ ಅವಳ ಬಗ್ಗೆ ಪ್ರಬಂಧವೊಂದನ್ನು ಹೊರತಂದಿತು, ತೀರಾ ಪುಟ್ಟದು. ಆದರೆ 2022ರ ಮಹಿಳಾ ಅಧಿವೇಶನದಲ್ಲಿ ಅಪೊಸ್ತಲ (ಸಭೆಯ ಅತ್ಯುನ್ನತ ನಾಯಕರಲ್ಲೊಬ್ಬರು) ಡೇಲ್ ರೆನ್‌ಲಂಡ್, ತರ್ಕವು ದೈವಪ್ರಕಟಣೆಯ, ಅಂದರೆ ದೇವರೇ ತಿಳಿಸಿಕೊಟ್ಟ ಮಾತಿನ, ಜಾಗ ತುಂಬಲಾರದು ಎಂದು ಎಚ್ಚರಿಸಿದರು. ತರ್ಕದಿಂದಲೇ ತಾಯಿಯನ್ನು ಕಂಡ ಸ್ನೋ ಅವರ ಕೀರ್ತನೆಯನ್ನು ಹಾಡುತ್ತಲೇ ಈ ಎಚ್ಚರಿಕೆ! ನನ್ನ ದೃಷ್ಟಿಯಲ್ಲಿ ಇದಕ್ಕೆ ಸಮಾಧಾನವಿಲ್ಲ.

ಇನ್ನು ಸ್ತ್ರೀವಾದಿಗಳೆಲ್ಲ ಒಂದೇ ದನಿಯವರೆಂದು ತಿಳಿಯಬೇಡಿ. ಗಂಡಸರಿಗಷ್ಟೇ ಯಾಜಕತ್ವ (ಪುರೋಹಿತ ಅಧಿಕಾರ) ಇರುವ ಸಭೆಯಲ್ಲಿ ತಾಯಿಯನ್ನು ಕರೆಯುವ ಹಕ್ಕು ಬೇಕೆಂಬುದು ಕೆಲವರ ಬೇಡಿಕೆ. ಹೆಣ್ಣಿನ ದೈವತ್ವವೆಂದರೆ ತಾಯ್ತನವಷ್ಟೇ ಆದರೆ ಮಕ್ಕಳಿಲ್ಲದವರ, ಒಂಟಿ ಹೆಣ್ಣುಗಳ ಗತಿಯೇನು ಎಂಬುದು ಇನ್ನು ಕೆಲವರ ಪ್ರಶ್ನೆ. ಗಂಡುಹೆಣ್ಣಿನ ಜೋಡಿಯನ್ನೇ ಪರಲೋಕಕ್ಕೂ ಏರಿಸಿದರೆ ಸಲಿಂಗಿಗಳಿಗೆ ಅಲ್ಲಿ ಜಾಗವೆಲ್ಲಿ ಎಂದು ವಿದ್ವಾಂಸ ಟೇಲರ್ ಪೆಟ್ರಿ 2016ರಲ್ಲಿ ವಾದಿಸಿದರು. ಹಳೆಯ ಬಹುಪತ್ನಿತ್ವದ ನೆರಳೂ ಹೋಗಿಲ್ಲ: 1890ರಲ್ಲಿ ಸಭೆ ಅದನ್ನು ಕೈಬಿಡುವುದಾಗಿ ಸಾರಿತು, ಆದರೆ ಅದನ್ನು ಸಮರ್ಥಿಸಿದ ದೈವಪ್ರಕಟಣೆ ಧರ್ಮಗ್ರಂಥದಲ್ಲಿ ಹಾಗೇ ಉಳಿದಿದೆ. ಹಾಗಾದರೆ ಪರಲೋಕದಲ್ಲಿರುವ ತಾಯಿ ಒಬ್ಬಳೇ, ಹಲವರೇ? ಈ ಪ್ರಶ್ನೆ ಬಂದಾಗ ತಾಯಿಯೇ ಬೇಡವೆನ್ನುವ ಸ್ತ್ರೀವಾದಿಗಳೂ ಅಲ್ಲಿದ್ದಾರೆ.