ಹೋಗಿ, ಹುಡುಕಿ, ಬಂದು... ಫುಲ್‌ಸ್ಟಾಪ್ ಎಲ್ಲಿ?

ವರ್ಷಕ್ಕೆ ಐದಾರು ಮಂದಿಯಾದರೂ ಇಂಗ್ಲಿಷಿನಲ್ಲಿ ಬರೆಯುವ ಸಂಕಟ ಹೊತ್ತು ನನ್ನ ಆಪ್ತಸಲಹೆಯ ಕೋಣೆಗೆ ಬರುತ್ತಾರೆ, ಹಾಗಾಗಿ ಬರೆಯುತ್ತಿದ್ದೇನೆ. ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ.

ಮಂಜುನಾಥ ಅಂತಿಟ್ಟುಕೊಳ್ಳಿ. ವಯಸ್ಸು 36, ಹಾವೇರಿ ಕಡೆಯವರು, ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಪ್ಲೊಮಾ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿ ಬಡ್ತಿ ಸಿಕ್ಕಿದ್ದೇ ತಡ, ಹೊಟ್ಟೆ ತೊಳಸು ಶುರುವಾಯಿತು. ಶಿಫ್ಟ್ ಮುಗಿಯುವಾಗ ಇಂಗ್ಲಿಷಿನಲ್ಲೊಂದು ಮೇಲ್ ಹಾಕಬೇಕು. ಏಳೆಂಟು ಸಾಲಿಗೆ ಮುಕ್ಕಾಲು ಗಂಟೆ. ಮ್ಯಾನೇಜರ್ ಅದನ್ನು ಕೆಂಪಕ್ಷರದಲ್ಲಿ ತಿದ್ದಿ ‘ರಿಪ್ಲೈ ಆಲ್’ ಒತ್ತುತ್ತಿದ್ದರು. ಬಡ್ತಿಯೇ ಬೇಡವೆಂದು ಬರೆದುಕೊಡೋಣವೆಂದರೆ ಆ ಪತ್ರವನ್ನೂ ಇಂಗ್ಲಿಷಿನಲ್ಲೇ ಬರೆಯಬೇಕಲ್ಲ, ಅದಕ್ಕೇ ಸುಮ್ಮನಿದ್ದೇನೆ ಎಂದರು. ತಮಾಷೆಗೆ ಹೇಳಿದ್ದಲ್ಲ.

ಮೊದಲ ಭೇಟಿಯಲ್ಲಿ ತಪ್ಪಿದವಳು ನಾನು. “ಭಾಷೆ ಹೇಗಿದ್ದರೇನು, ವಿಷಯ ತಲುಪಿದರೆ ಸಾಕು” ಎಂದು ಸಮಾಧಾನ ಹೇಳಿ, ಉಸಿರಾಟದ ಅಭ್ಯಾಸ ಕಲಿಸಿ ಕಳಿಸಿದೆ. ಬಾಗಿಲ ಹತ್ತಿರ ನಿಂತು, “ನಿಮಗ ಇಂಗ್ಲಿಷ್ ಬರ್ತೈತಲ್ರೀ ಮೇಡಂ, ಅದಕ್ಕ ಹಂಗಂತೀರಿ” ಎಂದರು. ವಾರವೆಲ್ಲ ಆ ಮಾತು ಚುಚ್ಚುತ್ತಿತ್ತು.

ಮುಂದಿನ ಸಲ ಹಳೆಯ ಮೇಲ್‌ಗಳನ್ನೂ ವ್ಯಾಕರಣದ ನೋಟ್‌ಬುಕ್ಕನ್ನೂ ತರಲು ಹೇಳಿದೆ. ಹನ್ನೆರಡು ಟೆನ್ಸ್‌ಗಳ ಪಟ್ಟಿ ಬಾಯಿಪಾಠ, ಮಗ್ಗಿಯ ಹಾಗೆ ಒಪ್ಪಿಸಿದರು. ಮೇಲ್ ನೋಡಿದರೆ ಎಂಟು ಸಾಲಿಗೆ ಒಂದೇ ವಾಕ್ಯ, ಉದ್ದಕ್ಕೂ ಕಾಮಾ. ಮ್ಯಾನೇಜರ್ ಪ್ರತಿ ಸಲವೂ ಪಕ್ಕದಲ್ಲಿ ‘ರನ್-ಆನ್ ಸೆಂಟೆನ್ಸ್’ ಎಂದು ಬರೆದಿದ್ದರು, ಹಾಗೆಂದರೆ ಫುಲ್‌ಸ್ಟಾಪ್ ಇಡಬೇಕಾದಲ್ಲಿ ಇಡದೆ ವಾಕ್ಯಗಳನ್ನು ಒಂದಕ್ಕೊಂದು ಅಂಟಿಸುವುದು ಎಂದು ಒಮ್ಮೆಯೂ ಹೇಳಿರಲಿಲ್ಲ.

“ಅದು ಬಿಡಿ, ಆ ರಾತ್ರಿ ಏನಾಯ್ತು ಕನ್ನಡದಲ್ಲಿ ಹೇಳಿ” ಎಂದೆ.

“ಸ್ಟೋರಿಗೆ ಹೋಗಿ, ಬೇರಿಂಗ್ ಹುಡುಕಿ, ಇಲ್ಲಂತ ವಾಪಸ್ ಬಂದು, ಹಳೇದನ್ನ ತೊಳದು, ಗ್ರೀಸ್ ಹಚ್ಚಿ, ಮಷಿನ್ ಚಾಲೂ ಮಾಡಿದ್ವಿರೀ.”

ಗಮನಿಸಿ, ಆರು ಕೆಲಸಕ್ಕೆ ಒಂದೇ ಪೂರ್ಣ ಕ್ರಿಯಾಪದ. ಉಳಿದವೆಲ್ಲ ಕೊನೆಯ ‘ಮಾಡಿದ್ವಿ’ಗಾಗಿ ಕಾಯುತ್ತ ಒಂಟಿಕಾಲಲ್ಲಿ ನಿಂತಿವೆ. ‘ನಾವು’ ಎಂದು ಹೇಳಲೂಬೇಕಿಲ್ಲ, ಅದು ‘ದ್ವಿ’ಯೊಳಗೇ ಅಡಗಿದೆ. ಕನ್ನಡದಲ್ಲಿ ಇದು ಚೊಕ್ಕ ವಾಕ್ಯ. ಇದರ ಕಾಮಾಗಳನ್ನು ಹಾಗೇ ಉಳಿಸಿಕೊಂಡು ಕ್ರಿಯಾಪದಗಳನ್ನಷ್ಟೇ ‘ವೆಂಟ್’, ‘ಸರ್ಚ್ಡ್’ ಎಂದು ಬದಲಿಸಿದರೆ ಇಂಗ್ಲಿಷಿನಲ್ಲಿ ಕೆಂಪು ಗೆರೆ ಖಂಡಿತ.

‘ಹೋಗಿ’, ‘ಹುಡುಕಿ’, ‘ಬಂದು’ ಎನ್ನುವಲ್ಲೆಲ್ಲ ಪೆನ್ಸಿಲಿನಿಂದ ಅಡ್ಡಗೆರೆ ಎಳೆಯಿರಿ, ಒಂದೊಂದು ತುಂಡಿನ ತಲೆಗೂ ‘ವೀ’ ಹಾಕಿ, ಬಾಲಕ್ಕೆ ಫುಲ್‌ಸ್ಟಾಪ್ ಇಡಿ ಎಂದೆ. ಬರೆದರು: ವೀ ವೆಂಟ್ ಟು ದ ಸ್ಟೋರ್. ದೇರ್ ವಾಸ್ ನೋ ಬೇರಿಂಗ್. ವೀ ಕ್ಲೀನ್ಡ್ ದಿ ಓಲ್ಡ್ ಒನ್. ಎರಡನೆಯದಕ್ಕೆ ‘ವೀ’ ಹೊಂದದೆಂದು ತಾವೇ ಬಿಟ್ಟಿದ್ದರು.

ಪೆನ್ಸಿಲ್ ಕೆಳಗಿಟ್ಟು, “ಇಷ್ಟ ಸಣ್ಣ ಸಣ್ಣ ಬರದ್ರ ಸಾಲಿ ಹುಡುಗ್ರು ಬರದಂಗ ಕಾಣ್ತೈತಲ್ರೀ?” ಎಂದರು. ಉದ್ದ ವಾಕ್ಯದ ಗುಟ್ಟು ಅಲ್ಲಿತ್ತು!

“ನಿಮ್ಮ ಮ್ಯಾನೇಜರ್ ಮೇಲ್ ತೆಗೀರಿ, ಅವರದ್ದೆಷ್ಟು ಉದ್ದ ನೋಡೋಣ” ಎಂದೆ. ಫೋನ್ ತೆಗೆದು ಬೆರಳಿಟ್ಟು ಎಣಿಸಿದರು. ನಾಲ್ಕು ಪದ, ಚುಕ್ಕೆ. ಐದು ಪದ, ಚುಕ್ಕೆ. ಇನ್ನೊಂದು ಮೇಲ್ ತೆಗೆದರು, ಮತ್ತೊಂದು ತೆಗೆದರು. ಆಮೇಲೆ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡರು.

ಆಪ್ತಸಲಹೆಯ ಕೋಣೆಯಲ್ಲಿ ವ್ಯಾಕರಣ ಪಾಠವೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದಾರೆ. ಇರಲಿ. ‘ನನಗೆ ಇಂಗ್ಲಿಷ್ ಬರಲ್ಲ’ ಎಂಬುದು ಬೆಟ್ಟದಂಥ ಮಾತು, ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಒಡೆದು ನೋಡಿದಾಗ ಮಂಜುನಾಥರ ತಪ್ಪುಗಳು ಹೆಚ್ಚುಕಡಿಮೆ ಮೂರೇ ಬಗೆ: ಫುಲ್‌ಸ್ಟಾಪ್, ‘ದ ಸ್ಟೋರ್’ನ ಮೊದಲ ‘ದ’, ಮತ್ತು ‘ಹೀ ಗೋಸ್’ನ ಕೊನೆಯ ‘ಎಸ್’. ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ ಎಂದು ಇಷ್ಟೆಲ್ಲ ರೂಪ ತಪ್ಪದೆ ಬಳಸುವ ನಾಲಿಗೆಗೆ ಒಂದು ‘ಎಸ್’ ಹೊರೆಯೇ? ವಾರಕ್ಕೊಂದು ತಪ್ಪು ಮಾತ್ರ ಹುಡುಕಿ, ಉಳಿದದ್ದರ ಕಡೆ ಕಣ್ಣೆತ್ತಬೇಡಿ ಎಂದೆ.

ಸ್ಪೆಲ್ಲಿಂಗನ್ನು ಕಂಪ್ಯೂಟರಿಗೆ ಬಿಡಿ ಎಂದೆ. ಇದಕ್ಕೆ ಮೇಷ್ಟರುಗಳು ಬೈಯಬಹುದು. ಆದರೆ ಸಾಲ ಎಂಬರ್ಥದ ‘ಡೆಟ್’ನಲ್ಲಿ ಹಿಂದೆ ‘ಬಿ’ ಇರಲೇ ಇಲ್ಲ, ಲ್ಯಾಟಿನ್ನಿನ ‘ಡೆಬಿಟಮ್’ ನೆನೆದ ಪಂಡಿತರು ತುರುಕಿದ್ದು. ಅಂಥದ್ದು ತಪ್ಪಿದರೆ ಬುದ್ಧಿ ಕಡಿಮೆ ಎಂದು ಯಾಕೆ ಕೊರಗಬೇಕು? ‘ಅಲ್ಲಿ’ ಎನ್ನುವ ದೇರ್, ‘ಅವರ’ ಎನ್ನುವ ದೇರ್ ಅದಲುಬದಲಾದರೆ ಮಾತ್ರ ಎಷ್ಟೋ ಸಲ ಕಂಪ್ಯೂಟರೂ ಸುಮ್ಮನಿರುತ್ತದೆ. ಅಂಥ ಜೋಡಿಗಳನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಕೊಂಡಿದ್ದಾರೆ.

ಈಗ ಮೇಲ್‌ಗೆ ಹದಿನೈದು ನಿಮಿಷ ಸಾಕಂತೆ. ಮ್ಯಾನೇಜರ್ ಇನ್ನೂ ‘ರಿಪ್ಲೈ ಆಲ್’ ಒತ್ತುತ್ತಾರೆ. ತಿದ್ದುವುದಿದ್ದರೆ ನನಗೊಬ್ಬನಿಗೇ ಕಳಿಸಿ ಎಂದು ಎದುರಿಗೇ ಕೇಳಿ ಎಂದಿದ್ದೇನೆ. ಮಂಜುನಾಥ ಇನ್ನೂ ಕೇಳಿಲ್ಲ.